ಫಟಫಟಿಯ ಸದ್ದು, ಕೇಳುವ ಕಿವಿ

ನಮ್ಮ ಬೆಳಗಾವಿ ಸೀಮೆಯ ಹಳೆಯ ತಲೆಮಾರಿನವರು ಮೋಟಾರ್ ಸೈಕಲ್ಲಿಗೆ ಇಂದಿಗೂ ಫಟಫಟಿ ಎಂದೇ ಹೇಳುತ್ತಾರೆ. ಮೂರು ಗಾಲಿಯ ಗಾಡಿ ಟಂಟಂ ಆಗಿದೆ. ಈ ಹೆಸರುಗಳನ್ನು ಇಟ್ಟವರು ಯಾವ ಕಂಪನಿಯವರೂ ಅಲ್ಲ, ನಿಘಂಟು ಬರೆದ ಪಂಡಿತರೂ ಅಲ್ಲ. ದೂರದ ಹೊಲದಲ್ಲಿ ನಿಂತು, ರಸ್ತೆಯ ಮೇಲೆ ಹೋಗುವ ಹೊಸ ಯಂತ್ರವನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಗುರುತಿಸಿದ ಜನರ ಹೆಸರುಗಳಿವು. ವಾಹನವೆಂದರೆ ಮೊದಲು ಒಂದು ಸದ್ದು. ಈ ಮಾತು ನಮಗೆ ನೆನಪಾದದ್ದು ಇತ್ತೀಚೆಗೆ, ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು, ಫೋನಿನಲ್ಲಿ ಕಾರು-ಬೈಕುಗಳ ಕುರಿತ ಪಾಡ್‌ಕಾಸ್ಟುಗಳನ್ನು ಒಂದಾದ ಮೇಲೊಂದು ಕೇಳುತ್ತಿದ್ದಾಗ.

ಪಾಡ್‌ಕಾಸ್ಟ್ ಎಂಬ ಪದಕ್ಕೆ ವಯಸ್ಸು ಹೆಚ್ಚಿಲ್ಲ. 2004ರಲ್ಲಿ ಇಂಗ್ಲೆಂಡಿನ ಒಂದು ಪತ್ರಿಕಾ ಲೇಖನದಲ್ಲಿ ಅದು ಕಾಣಿಸಿಕೊಂಡಿತು. ರೇಡಿಯೋದಂತೆಯೇ ಕೇಳುವ ಕಾರ್ಯಕ್ರಮ, ಆದರೆ ನಿಗದಿತ ವೇಳೆಗೆ ಕಾಯಬೇಕಿಲ್ಲ. ಬೇಕಾದಾಗ ಇಳಿಸಿಕೊಂಡು ಬೇಕಾದಲ್ಲಿ ಕೇಳಬಹುದು. 2016ರ ಬಳಿಕ ಮೊಬೈಲ್ ಡೇಟಾ ಅಗ್ಗವಾದ ಮೇಲೆ ನಮ್ಮ ಹುಡುಗರ ಕಿವಿಗೂ ಇದು ತಲುಪಿತು. ಕನ್ನಡದಲ್ಲಿ 'ತಲೆ-ಹರಟೆ'ಯಂತಹ ಕಾರ್ಯಕ್ರಮಗಳು, ಆಡುಮಾತಿನಲ್ಲಿ ಒಂದು ಗಂಟೆ ಗಂಭೀರ ವಿಷಯವನ್ನು ಹರಟಬಹುದು ಎಂಬುದನ್ನು ತೋರಿಸಿಕೊಟ್ಟವು. ಹಾಗಿರುವಾಗ ವಾಹನಗಳ ಕುರಿತ ಪಾಡ್‌ಕಾಸ್ಟ್ ನಮ್ಮಲ್ಲಿ ಹೇಗಿರಬೇಕು, ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೇಳಿಕೊಳ್ಳುವುದು ಅಪ್ರಸ್ತುತವಾಗಲಾರದು. ಸಿನಿಮಾಕ್ಕೆ ವಿಮರ್ಶೆ ಇದೆ, ನಾಟಕಕ್ಕೆ ಇದೆ. ಲಕ್ಷಾಂತರ ಜನ ಪ್ರತಿದಿನ ಮೇಲೇರುವ, ಸಾಲ ಮಾಡಿ ಕೊಳ್ಳುವ, ಕೆಲವೊಮ್ಮೆ ಪ್ರಾಣವನ್ನೂ ಕಳೆದುಕೊಳ್ಳುವ ಯಂತ್ರದ ಕುರಿತ ಮಾತಿಗೆ ಮಾತ್ರ ವಿಮರ್ಶೆ ಬೇಡವೇ?

ಕ್ಯಾಟಲಾಗಿನ ಓದು

ನಾವು ಕೇಳಿದವುಗಳಲ್ಲಿ ಹೆಚ್ಚಿನವಕ್ಕೆ ಒಂದೇ ರೋಗ. ಹೊಸ ಕಾರೊಂದು ಬಂದಿರುತ್ತದೆ. ಅದರ ಪರದೆ ಎಷ್ಟು ಇಂಚು, ಡಿಕ್ಕಿ ಎಷ್ಟು ಲೀಟರು, ಎಷ್ಟು ಬಣ್ಣಗಳಲ್ಲಿ ಸಿಗುತ್ತದೆ, ಶೋರೂಮ್ ಬೆಲೆ ಎಷ್ಟು ಎಂದು ಇಬ್ಬರು ಗೆಳೆಯರು ಸರದಿಯಂತೆ ಹೇಳುತ್ತಾರೆ. ಹಿನ್ನೆಲೆಯಲ್ಲಿ ಸಂಗೀತ. ನಡುನಡುವೆ 'ಇದನ್ನ ನೋಡಿ' ಎಂದು ತೋರಿಸುತ್ತಾರೆ! ಕೇಳುವವನು ಏನನ್ನು ನೋಡಬೇಕು? ವೀಡಿಯೋಕ್ಕಾಗಿ ಮಾಡಿದ್ದನ್ನು ಚಿತ್ರ ಕಿತ್ತು ಸದ್ದು ಮಾತ್ರ ಉಳಿಸಿ ಪಾಡ್‌ಕಾಸ್ಟ್ ಎಂದು ಬಡಿಸುತ್ತಾರೆ. ಅಂಕಿಗಳ ಪಟ್ಟಿ ಕಾಗದದ ಮೇಲೆ ಇರಬೇಕಾದದ್ದು. ಒಂದು ಕಣ್ಣೋಟದಲ್ಲಿ ಮುಗಿಯುವುದನ್ನು ಹದಿನೈದು ನಿಮಿಷ ಓದಿ ಹೇಳಿದರೆ ಕಿವಿಗೆ ಏನೂ ಸಿಗುವುದಿಲ್ಲ, ಮಾರುವವನಿಗೆ ಮಾತ್ರ ಸಿಗುತ್ತದೆ.

ಇದರ ಹಿಂದೆ ಒಂದು ಊಹೆ ಇದೆ. ಕೇಳುವವನು ಕೊಳ್ಳುವವನು ಮಾತ್ರ ಎಂಬ ಊಹೆ. ಆದರೆ ಒಂದು ಗಾಡಿಯ ಸುತ್ತ ಎಷ್ಟು ಜನರಿದ್ದಾರೆ ನೋಡಿ: ಅದನ್ನು ಓಡಿಸುವ ಚಾಲಕ, ತೊಳೆಯುವ ಕ್ಲೀನರ್, ರಿಪೇರಿ ಮಾಡುವ ಮಿಸ್ತ್ರಿ, ಟೈರಿಗೆ ಪ್ಯಾಚ್ ಹಾಕುವವನು, ಅದರ ಎಂಜಿನ್ನಿನ ಎರಕ ಹೊಯ್ದ ಕಾರ್ಮಿಕ, ಅದರಲ್ಲಿ ನಿಂತು ಪ್ರಯಾಣಿಸುವ ವಿದ್ಯಾರ್ಥಿನಿ. ಕೊಳ್ಳುವ ಕೆಲಸ ಒಂದು ದಿನದ್ದು, ಗಾಡಿಯೊಂದಿಗಿನ ಬಾಳುವೆ ಹದಿನೈದು ವರ್ಷದ್ದು. ಆ ಒಂದು ದಿನದ ಬಗ್ಗೆ ನೂರು ಕಾರ್ಯಕ್ರಮಗಳಿದ್ದು, ಉಳಿದ ಹದಿನೈದು ವರ್ಷಗಳ ಬಗ್ಗೆ ಹತ್ತು ಕೂಡ ಇಲ್ಲದಿರುವುದು ಎಂತಹ ವಿಪರ್ಯಾಸ!

ಇಬ್ಬರು ಅಣ್ಣತಮ್ಮಂದಿರು

ಇದಕ್ಕೆ ತದ್ವಿರುದ್ಧವಾದ ಒಂದು ಮಾದರಿ ಪಾಡ್‌ಕಾಸ್ಟ್ ಎಂಬ ಪದ ಹುಟ್ಟುವ ಮೊದಲೇ ಇತ್ತು. ಅಮೆರಿಕದ ಬಾಸ್ಟನ್ ಸಮೀಪದ ಕೇಂಬ್ರಿಜ್‌ನಲ್ಲಿ ಟಾಮ್ ಮತ್ತು ರೇ ಮ್ಯಾಗ್ಲಿಯೋಜಿ ಎಂಬ ಸಹೋದರರು 1973ರಲ್ಲಿ ಒಂದು ಗ್ಯಾರೇಜು ತೆರೆದರು. ಜನರೇ ಬಂದು, ಜಾಗ ಮತ್ತು ಪಾನಾಗಳನ್ನು ಬಾಡಿಗೆಗೆ ಪಡೆದು ತಮ್ಮ ಕಾರನ್ನು ತಾವೇ ರಿಪೇರಿ ಮಾಡಿಕೊಳ್ಳುವ ವ್ಯವಸ್ಥೆ ಅದು. 1977ರಲ್ಲಿ ಸ್ಥಳೀಯ ರೇಡಿಯೋ ಕೇಂದ್ರ ಊರಿನ ಮೆಕ್ಯಾನಿಕ್ಕುಗಳನ್ನು ಚರ್ಚೆಗೆ ಕರೆದಾಗ ಹೋದವನು ಟಾಮ್ ಒಬ್ಬನೇ. ಮುಂದಿನ ಸಲ ತಮ್ಮನನ್ನೂ ಕರೆದುಕೊಂಡು ಹೋದ. ಹೀಗೆ ಆರಂಭವಾದ 'ಕಾರ್ ಟಾಕ್' 1987ರಿಂದ ಇಡೀ ದೇಶಕ್ಕೆ ಬಿತ್ತರವಾಗಿ, 2012ರವರೆಗೆ ಹೊಸ ಸಂಚಿಕೆಗಳೊಂದಿಗೆ ನಡೆಯಿತು. ಟಾಮ್ 2014ರಲ್ಲಿ ತೀರಿಕೊಂಡ.

ಆ ಕಾರ್ಯಕ್ರಮದ ಜೀವ ಇದ್ದದ್ದು ಕರೆ ಮಾಡುವವರಲ್ಲಿ. 'ನಮ್ಮ ಕಾರು ಹೀಗೆ ಸದ್ದು ಮಾಡುತ್ತದೆ' ಎಂದು ಯಾರೋ ಗೃಹಿಣಿ, ಯಾರೋ ಪ್ರೊಫೆಸರ್ ಬಾಯಿಂದಲೇ ಆ ಸದ್ದನ್ನು ಅನುಕರಿಸಿ ತೋರಿಸಬೇಕು. ಸಹೋದರರು ನಗುತ್ತಾರೆ, ಮತ್ತೊಮ್ಮೆ ಮಾಡಿ ಎನ್ನುತ್ತಾರೆ, ಬಳಿಕ ಪ್ರಶ್ನೆ ಕೇಳುತ್ತಾರೆ: ತಿರುಗುವಾಗಲೋ, ನೇರ ಹೋಗುವಾಗಲೋ? ಮಳೆಯಲ್ಲೋ, ಬಿಸಿಲಲ್ಲೋ? ಅವರು ತಮಗೆ ಇಟ್ಟುಕೊಂಡ ಅಡ್ಡಹೆಸರೇ 'ಕ್ಲಿಕ್ ಮತ್ತು ಕ್ಲ್ಯಾಕ್, ಟ್ಯಾಪೆಟ್ ಸಹೋದರರು'. ನಮ್ಮ ಗ್ಯಾರೇಜುಗಳಲ್ಲಿ 'ಟ್ಯಾಪಿಟ್ ಆವಾಜ್' ಎನ್ನುತ್ತಾರಲ್ಲ, ಅದೇ ಟ್ಯಾಪೆಟ್. ಇಬ್ಬರೂ ಎಂಐಟಿಯಂತಹ ದೊಡ್ಡ ಸಂಸ್ಥೆಯಲ್ಲಿ ಓದಿದವರು. ಆದರೆ ಆ ಓದಿನ ದರ್ಪ ಕೇಳುಗರ ಮೇಲೆ ಬೀಳಲಿಲ್ಲ.

ಅದರಲ್ಲಿ ಇನ್ನೊಂದು ಗುಣವಿತ್ತು. ಮೊದಲು ಕರೆ ಮಾಡಿದವರನ್ನು ಕೆಲವು ಕಾಲದ ನಂತರ ಮತ್ತೆ ಸಂಪರ್ಕಿಸಿ, 'ನಾವು ಹೇಳಿದ್ದು ಸರಿ ಇತ್ತೇ, ತಪ್ಪೇ?' ಎಂದು ಎಲ್ಲರೆದುರು ಕೇಳುತ್ತಿದ್ದರು. ತಪ್ಪಾಗಿದ್ದರೆ ಇನ್ನಷ್ಟು ಜೋರಾಗಿ ನಗುತ್ತಿದ್ದರು. ನಮ್ಮ ಎಷ್ಟು ಜನ ವಾಹನ ಪಂಡಿತರು ಕಳೆದ ವರ್ಷ ತಾವು ಹೊಗಳಿದ ಗಾಡಿ ಈಗ ಹೇಗಿದೆ ಎಂದು ಅದನ್ನು ಕೊಂಡವನನ್ನು ಕೇಳಿದ್ದಾರೆ? ಹೇಳಿದ ಮಾತಿಗೆ ಹಿಂತಿರುಗಿ ಬರುವುದು ಒಳ್ಳೆಯ ಪಾಡ್‌ಕಾಸ್ಟಿನ ಮೊದಲ ಲಕ್ಷಣ ಎಂದು ನಾವು ಭಾವಿಸುತ್ತೇವೆ.

ಸ್ಕ್ರೂಡ್ರೈವರ್ ಹಿಡಿದ ಕಿವಿ

ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಬೆಳಗಾವಿಯ ಪಿ.ಬಿ. ರಸ್ತೆಯ ಬದಿಯ ಗ್ಯಾರೇಜೊಂದರಲ್ಲಿ ನಾವು ಒಂದು ಮುಂಜಾನೆ ಕುಳಿತಿದ್ದೆವು. ಜೀಪೊಂದು ಬಂತು. ವಯಸ್ಸಾದ ಮಿಸ್ತ್ರಿ ಬಾನೆಟ್ ಎತ್ತಿದರು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡರು. ಡಾಕ್ಟರರ ಸ್ಟೆತೊಸ್ಕೋಪಿನ ಕೆಲಸವನ್ನು ಆ ಕಬ್ಬಿಣದ ಸಲಾಕೆ ಮಾಡುತ್ತದೆ. ಒಂದು ಕಡೆ ಇಟ್ಟರು, ತೆಗೆದರು, ಇನ್ನೊಂದು ಕಡೆ ಇಟ್ಟರು. ಬಳಿಕ ಚಾಲಕನಿಗೆ ಕೇಳಿದ್ದು ಒಂದೇ ಪ್ರಶ್ನೆ: 'ಆವಾಜ ಯಾವಾಗ ಬರ್ತೈತಿ? ಥಂಡಿ ಇದ್ದಾಗೋ, ಗರಮ್ ಆದ ಮ್ಯಾಲೋ?'

ಆ ಪ್ರಶ್ನೆಯಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಎಂಜಿನ್ ತಣ್ಣಗಿರುವಾಗ ಬಡಿದು, ಬಿಸಿಯಾದಂತೆ ಕಡಿಮೆಯಾಗುವ ಸದ್ದು ಸಾಮಾನ್ಯವಾಗಿ ಸವೆದ ಪಿಸ್ಟನ್ನಿನದು. ಬಿಸಿಯಾದ ಲೋಹ ಹಿಗ್ಗಿ ಸಂದು ತುಂಬಿಕೊಳ್ಳುವುದರಿಂದ ಅದು ಸುಮ್ಮನಾಗುತ್ತದೆ. ಎಣ್ಣೆ ಬಿಸಿಯಾಗಿ ತೆಳುವಾದ ಮೇಲೆ, ಭಾರ ಬಿದ್ದಾಗ ಹೆಚ್ಚಾಗುವ ಗಟ್ಟಿ ಬಡಿತ ಕನೆಕ್ಟಿಂಗ್ ರಾಡಿನ ಬೇರಿಂಗಿನದಾಗಿರಬಹುದು. ಅದಕ್ಕೆ ಗಾಡಿ ಕೂಡಲೇ ನಿಲ್ಲಿಸಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಎಂದರೆ ಮುಂದಿನ ಆಕ್ಸಲಿನ ಜಾಯಿಂಟು ಹೋಗಿದೆ. ವೇಗ ಹೆಚ್ಚಿದಂತೆ ಗುಂಯ್‌ಗುಡುವುದು, ಬಲಕ್ಕೆ ಎಡಕ್ಕೆ ವಾಲಿದಾಗ ರಾಗ ಬದಲಿಸುವುದು ಗಾಲಿಯ ಬೇರಿಂಗು. ಮಳೆಗಾಲದ ಮುಂಜಾನೆ ಕಿರ್ರೆಂದು ಚೀರಿ ಸುಮ್ಮನಾಗುವುದು ಬೆಲ್ಟು. ಹಳೆಯ ಜಾವಾ, ಆರ್‌ಎಕ್ಸ್ 100ಗಳು ಎರಡು ಸ್ಟ್ರೋಕಿನವು, ಕ್ರ್ಯಾಂಕು ಒಂದು ಸುತ್ತು ತಿರುಗಿದರೆ ಒಂದು ಸ್ಫೋಟ. ಬುಲೆಟ್ ನಾಲ್ಕು ಸ್ಟ್ರೋಕಿನದು, ಎರಡು ಸುತ್ತಿಗೆ ಒಂದು. ಒಂದರದು ಚೀರುವ ಹರೆಯ, ಇನ್ನೊಂದರದು ನಿಧಾನದ ಗುಡುಗುಡು ಆಗಿರುವುದಕ್ಕೆ ಇದೂ ಒಂದು ಕಾರಣ. ಇದನ್ನೆಲ್ಲ ಚಿತ್ರದಲ್ಲಿ ತೋರಿಸಲಾಗದು. ಕೇಳಿಸಬೇಕು. ಹೀಗಾಗಿ ವಾಹನದ ಮಾತಿಗೆ ಪಾಡ್‌ಕಾಸ್ಟಿಗಿಂತ ತಕ್ಕ ಮಾಧ್ಯಮ ಇನ್ನೊಂದಿಲ್ಲ. ವಿಚಿತ್ರವೆಂದರೆ ನಾವು ಕೇಳಿದ ಗಂಟೆಗಟ್ಟಲೆ ಮಾತಿನಲ್ಲಿ ಎಂಜಿನ್ನಿನ ಸದ್ದು ಎರಡು ನಿಮಿಷವೂ ಇರಲಿಲ್ಲ.

ಈ ಕಿವಿಯ ವಿದ್ಯೆ ನಮ್ಮ ಊರಿನ ಮಣ್ಣಿಗೇ ಸೇರಿದ್ದು. ಖಾನಾಪುರದ ಜೇಡಿ ಮಣ್ಣಿನ ಗಡಿಗೆ ಕೊಳ್ಳುವಾಗ ನಮ್ಮ ಅವ್ವಂದಿರು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದರು. ಠಣ್ ಎಂದರೆ ಸರಿ, ಡಬ್ ಎಂದರೆ ಎಲ್ಲೋ ಬಿರುಕಿದೆ. ಎರಕದ ಕಬ್ಬಿಣವನ್ನೂ ಸುತ್ತಿಗೆಯಿಂದ ತಟ್ಟಿ, ಅದರ ನಾದದಿಂದ ಗುಣ ಅಳೆಯುವ ರೂಢಿ ಫೌಂಡ್ರಿಗಳ ಲೋಕದಲ್ಲಿ ಹಳೆಯದು. ಬೆಳಗಾವಿ ಫೌಂಡ್ರಿಗಳ ಊರು. ಉದ್ಯಮಬಾಗ, ಮಚ್ಛೆಯ ಕಡೆ ಹೋದರೆ ವಾಹನಗಳ ಎಂಜಿನ್ನಿಗೆ ಬೇಕಾದ ಸಿಲಿಂಡರ್ ಬ್ಲಾಕು, ಹೆಡ್ಡುಗಳಂತಹ ಎರಕಗಳು ಇಲ್ಲಿಂದ ದೇಶ-ವಿದೇಶಗಳಿಗೆ ಹೋಗುವುದನ್ನು ಕಾಣಬಹುದು. ಯಾವುದೋ ಮಹಾನಗರದ ಪಾಡ್‌ಕಾಸ್ಟಿನಲ್ಲಿ 'ಈ ಎಂಜಿನ್ ಬಹಳ ರಿಫೈನ್ಡ್' ಎಂದು ಹೊಗಳಿದಾಗ, ಆ ಎಂಜಿನ್ನಿನ ಒಡಲನ್ನು ಕುಲುಮೆಯ ಝಳದಲ್ಲಿ ನಿಂತು ಹೊಯ್ದವನ ಮಾತು ಅಲ್ಲಿ ಇರುವುದಿಲ್ಲ. ಅವನಿಗೂ ಅದು ತನ್ನ ಕುರಿತ ಮಾತು ಎಂದು ಗೊತ್ತಾಗುವುದಿಲ್ಲ, ಏಕೆಂದರೆ ಅದು ಅವನ ಭಾಷೆಯಲ್ಲಿಲ್ಲ.

ಗ್ಯಾರೇಜಿನ ಕನ್ನಡ

ಭಾಷೆಯ ಮಾತಿಗೆ ಬಂದರೆ, ಕನ್ನಡದಲ್ಲಿ ತಾಂತ್ರಿಕ ವಿಷಯ ಹೇಳುವುದೆಂದರೆ ನಮ್ಮವರಿಗೆ ಎರಡೇ ದಾರಿ ತೋಚುತ್ತದೆ. ಒಂದೋ ಪೂರ್ತಿ ಇಂಗ್ಲಿಷ್ ವಾಕ್ಯಕ್ಕೆ ಕೊನೆಯಲ್ಲಿ 'ಮಾಡತ್ತೆ' ಎಂಬ ಕನ್ನಡದ ಬಾಲ. ಇಲ್ಲವೇ ಪಠ್ಯಪುಸ್ತಕದ 'ಅಂತರ್ದಹನ ಯಂತ್ರ'. ಇವೆರಡರ ನಡುವೆ ಮೂರನೆಯದೊಂದು ಕನ್ನಡ ನಮ್ಮ ಗ್ಯಾರೇಜುಗಳಲ್ಲಿ ದಶಕಗಳಿಂದ ಬದುಕಿದೆ. ಅಲ್ಲಿ ಸ್ಪ್ಯಾನರು ಪಾನಾ ಆಗಿದೆ, ಸ್ಪ್ರಿಂಗಿನ ಪಟ್ಟಿ ಪಾಟಾ ಆಗಿದೆ, ಕಲಿಸುವವನು ಉಸ್ತಾದ, ಕಲಿಯುವವನು ಶಾಗಿರ್ದ. ಮಾಲೀಕ ಮರಾಠಿಯಲ್ಲಿ ಕೇಳುತ್ತಾನೆ, ಮಿಸ್ತ್ರಿ ದಖನಿ ಉರ್ದುವಿನಲ್ಲಿ ಹುಡುಗನಿಗೆ ಹೇಳುತ್ತಾನೆ, ಹುಡುಗ ಕನ್ನಡದಲ್ಲಿ ಉತ್ತರಿಸುತ್ತಾನೆ, ಗೋವೆಯಿಂದ ಬಂದ ಲಾರಿಯವನು ಕೊಂಕಣಿ ಸೇರಿಸುತ್ತಾನೆ. ಗಡಿಯ ಹೆಸರಿನಲ್ಲಿ ಬೆಳಗಾವಿಯಲ್ಲಿ ಎಷ್ಟೋ ಸಲ ಬಸ್ಸುಗಳಿಗೆ ಕಲ್ಲು ಬಿದ್ದಿದೆ. ಹಾಗೆ ಜಖಂಗೊಂಡ ಗಾಡಿಗಳನ್ನು ಮತ್ತೆ ಓಡುವಂತೆ ಮಾಡುವ ಜಾಗಗಳಲ್ಲಿ ಮಾತ್ರ ನಾಲ್ಕೂ ಭಾಷೆಗಳು ಒಂದೇ ಚಹಾ ಕಪ್ಪಿನ ಸುತ್ತ ಕುಳಿತಿರುತ್ತವೆ.

ಈ ಭಾಷೆಯನ್ನು ಶುದ್ಧಗೊಳಿಸದೆ ಮೈಕಿನ ಮುಂದೆ ತರಬೇಕು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಕೃಷಿಯ ವಿಚಾರದಲ್ಲಿ ಇದನ್ನು ಮಾಡಿ ತೋರಿಸಿದೆ. ಬೀಜ, ಗೊಬ್ಬರ, ಕೀಟದ ವಿಜ್ಞಾನವನ್ನು ಇಲ್ಲಿನ ಒಕ್ಕಲಿಗರ ಮಾತಿನಲ್ಲೇ ಹೇಳಬಹುದು ಎಂಬ ನಂಬಿಕೆ ಅದರದು. ಬೆಳಗಾವಿಯಲ್ಲೇ ಕೆಎಲ್‌ಇ ಸಂಸ್ಥೆಯ ವೇಣುಧ್ವನಿ ಎಂಬ ಸಮುದಾಯ ರೇಡಿಯೋ ಇದೆ. ಹೊಲಕ್ಕೆ ಸಿಕ್ಕ ಮರ್ಯಾದೆ ಗ್ಯಾರೇಜಿಗೂ ಸಿಗಬೇಕು ಎಂಬುದಷ್ಟೇ ನಮ್ಮ ಬೇಡಿಕೆ. ಎಣ್ಣೆ ಮೆತ್ತಿದ ಕೈಯವನು ಮಾತನಾಡಿದರೆ ಅದನ್ನು ತಮಾಷೆಯ ತುಣುಕಾಗಿಸಿ, ಸೂಟು ಹಾಕಿದ ಮಾರಾಟಗಾರ ಮಾತನಾಡಿದರೆ ಅದನ್ನು ಪರಿಣತಿ ಎನ್ನುವುದು ನಮ್ಮ ಹಳೆಯ ಜಾತಿ ಮನಸ್ಸಿನ ಹೊಸ ರೂಪವಲ್ಲದೆ ಬೇರೇನು?

ಓಟವನ್ನು ಹೇಳುವವರು

ಇನ್ನು ರೇಸು. ಮೋಟಾರ್ ರೇಸಿನ ಟ್ರ್ಯಾಕುಗಳು ನಮ್ಮಿಂದ ದೂರ, ಚೆನ್ನೈ, ಕೊಯಮತ್ತೂರಿನಲ್ಲಿವೆ. ಆದರೆ ಓಟವನ್ನು ಬಾಯಲ್ಲಿ ಹೇಳುವ ಕಲೆ ನಮಗೆ ಹೊಸದಲ್ಲ. ಬೆಳಗಾವಿ ಸುತ್ತಿನ ಹಳ್ಳಿಗಳ ಗಾಡಿ ಶರ್ಯತ್ತುಗಳಲ್ಲಿ ಧ್ವನಿವರ್ಧಕ ಹಿಡಿದವನು ಮರಾಠಿಯಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸುತ್ತಾನೆ. ಯಾವ ಊರಿನ ಜೋಡಿ, ಯಾರ ಎತ್ತು, ಎಷ್ಟು ಅಂತರ ಎಂದು ಉಸಿರು ಬಿಡದೆ ಹೇಳುತ್ತಾನೆ. 2014ರಲ್ಲಿ ಸುಪ್ರೀಂ ಕೋರ್ಟು ಇಂತಹ ಆಟಗಳನ್ನು ತಡೆದಿತ್ತು. 2017ರಲ್ಲಿ ಕರ್ನಾಟಕ ತಿದ್ದುಪಡಿ ಕಾಯ್ದೆ ತಂದು ಕಂಬಳ, ಎತ್ತಿನಗಾಡಿ ಓಟಗಳಿಗೆ ಷರತ್ತಿನ ಅವಕಾಶ ಕೊಟ್ಟಿತು. 2023ರ ಮೇ 18ರಂದು ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಮೈದಾನದ ವೀಕ್ಷಕ ವಿವರಣೆಯಲ್ಲಿ ಕಲಿಯಬೇಕಾದ ಗುಣವೂ ಇದೆ, ಬಿಡಬೇಕಾದ ದೋಷವೂ ಇದೆ. ಗುಣ ಎಂದರೆ ಹಿಂದೆ ನಿಂತು ಏನೂ ಕಾಣದವನಿಗೂ ಓಟ ಕಾಣುತ್ತದೆ. ದೋಷ ಎಂದರೆ ಗೆದ್ದ ಎತ್ತಿಗಿಂತ ಬಹುಮಾನ ಕೊಟ್ಟ ದಾನಿಯ ಹೆಸರೇ ಹೆಚ್ಚು ಸಲ ಕೇಳುತ್ತದೆ.

ಇಂಗ್ಲೆಂಡಿನ ಬಿಬಿಸಿ 1980ರಿಂದ ಫಾರ್ಮುಲಾ ಒನ್ ರೇಸಿಗೆ ಒಂದು ವಿಚಿತ್ರ ಜೋಡಿಯನ್ನು ಕೂರಿಸಿತು. ಒಬ್ಬ ಮರ್ರೆ ವಾಕರ್, ಉದ್ವೇಗದಲ್ಲಿ ಕೂಗುವವ, ತಪ್ಪು ಹೆಸರು ಹೇಳಿ ತಾನೇ ನಗುವವ. ಇನ್ನೊಬ್ಬ ಜೇಮ್ಸ್ ಹಂಟ್, 1976ರ ವಿಶ್ವ ಚಾಂಪಿಯನ್, ತಣ್ಣಗೆ, ಕಟುವಾಗಿ ಮಾತನಾಡುವವ. ಇಬ್ಬರಿಗೂ ಸೇರಿ ಒಂದೇ ಮೈಕು. ಒಬ್ಬ ಮಾತನಾಡುವಾಗ ಇನ್ನೊಬ್ಬ ಬಾಯಿ ಮುಚ್ಚಲೇಬೇಕು. 1993ರಲ್ಲಿ ಹಂಟ್ ಸಾಯುವವರೆಗೆ ಈ ಜೋಡಿ ನಡೆಯಿತು. ಒಬ್ಬ ಓಟದ ಬಿಸಿಯನ್ನು ಕೊಟ್ಟ, ಇನ್ನೊಬ್ಬ ಅದರ ಅರ್ಥವನ್ನು. ಇಂದಿನ ಪಾಡ್‌ಕಾಸ್ಟುಗಳಲ್ಲಿ ನಾಲ್ವರಿಗೆ ನಾಲ್ಕು ಮೈಕು, ನಾಲ್ವರೂ ಅಭಿಮಾನಿಗಳು, ನಾಲ್ವರೂ ಒಟ್ಟಿಗೆ ಮಾತನಾಡುತ್ತಾರೆ.

ಅರ್ಥ ಹೇಳುವವನಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾವು 2020ರ ಫೆಬ್ರವರಿಯಲ್ಲಿ ನೋಡಿದೆವು. ಕರಾವಳಿಯ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ಕಟ್ಟಡ ಕಾರ್ಮಿಕ ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ 100 ಮೀಟರಿಗೆ 9.55 ಸೆಕೆಂಡು, ಬೋಲ್ಟನಿಗಿಂತ ವೇಗ ಎಂದರು. ದೇಶವೆಲ್ಲ ಹುಚ್ಚೆದ್ದಿತು. ಕೋಣಗಳ ಎಳೆತ ಓಟಗಾರನ ವೇಗಕ್ಕೆ ಸೇರುತ್ತದೆ, ಓಟದ ಮಧ್ಯದ ವೇಗವನ್ನು ನಿಂತಲ್ಲಿಂದ ಹೊರಟವನ 100 ಮೀಟರಿಗೆ ಹೋಲಿಸಲಾಗದು, ಕೆಸರುಗದ್ದೆಯೂ ಸಿಂಥೆಟಿಕ್ ಟ್ರ್ಯಾಕೂ ಒಂದೇ ಅಲ್ಲ ಎಂಬ ಸರಳ ಮಾತುಗಳನ್ನು ಹೇಳಲು ಪುರುಸೊತ್ತು ಎಷ್ಟು ಜನರಿಗಿತ್ತು? ಕೊನೆಗೆ ಹೋಲಿಕೆ ಬೇಡ ಎಂದು ವಿನಯದಿಂದ ಹೇಳಿದ್ದು ಸ್ವತಃ ಓಡಿದ ಶ್ರೀನಿವಾಸ ಗೌಡರೇ! ರೇಸಿನ ಪಾಡ್‌ಕಾಸ್ಟಿಗೆ ಬೇಕಾದದ್ದು ಆ ಓಟಗಾರನಲ್ಲಿದ್ದ ಈ ವಿವೇಕ.

ರೇಸುಗಳಲ್ಲಿ ಕಿವಿಗೆ ತೀರ ಹತ್ತಿರದ್ದು ರ್‍ಯಾಲಿ. ಅಲ್ಲಿ ಚಾಲಕನ ಪಕ್ಕದಲ್ಲಿ ಒಬ್ಬ ಸಹಚಾಲಕ ಕುಳಿತು, ಮುಂದಿನ ತಿರುವು ಎಷ್ಟು ಕಡಿದು, ಎಷ್ಟು ಮೀಟರ್ ದೂರ, ಇಳಿಜಾರೋ ಏರೋ ಎಂದು ಟಿಪ್ಪಣಿಯಿಂದ ಓದುತ್ತಾನೆ. ತಿರುವಿನ ಆಚೆ ಏನಿದೆಯೆಂದು ಚಾಲಕನಿಗೆ ಕಾಣುವುದಿಲ್ಲ, ಈ ಧ್ವನಿಯನ್ನು ನಂಬಿ ಓಡಿಸುತ್ತಾನೆ. ಕಿವಿಯ ಮೇಲೆ ಪ್ರಾಣ ಇಟ್ಟ ಓಟ ಅದು. ನಮ್ಮ ಗಡಿನಾಡು ಕಾಸರಗೋಡಿನ ಮೂಸಾ ಷರೀಫ್ ಈ ಸಹಚಾಲಕನ ಸೀಟಿನಲ್ಲಿ ನೂರಾರು ರ್‍ಯಾಲಿ ಓಡಿ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆದವರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯ. ಐಶ್ವರ್ಯ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಜಾ ವಿಶ್ವಕಪ್ ಗೆದ್ದವರು. ಇವರೊಂದಿಗೆ ಒಂದು ಗಂಟೆ ಕನ್ನಡದಲ್ಲಿ, 'ಹೇಗನಿಸುತ್ತಿದೆ' ಎಂಬ ಪ್ರಶ್ನೆ ಬಿಟ್ಟು, ಒಂದು ತಿರುವನ್ನು ಹೇಗೆ ಬರೆದುಕೊಳ್ಳುತ್ತೀರಿ, ಹೆದರಿಕೆಯಾದಾಗ ಏನು ಮಾಡುತ್ತೀರಿ, ಖರ್ಚು ಯಾರು ಕೊಡುತ್ತಾರೆ ಎಂದು ಕೇಳುವ ಕಾರ್ಯಕ್ರಮ ಬಂದರೆ ಯಾರು ತಾನೇ ಕೇಳಲಾರರು?

ಯಾರ ಮೈಕು, ಯಾರ ಮೌನ

ಇಲ್ಲಿ ಒಂದು ಕಹಿ ಮಾತು ಹೇಳಬೇಕು. ಗಾಡಿಯನ್ನು ಪರೀಕ್ಷೆಗೆ ಕೊಡುವವನು ಕಂಪನಿಯವನು. ಹೋಟೆಲು, ವಿಮಾನದ ಟಿಕೆಟು ಕೊಡುವವನೂ ಅವನೇ ಆಗಿರುತ್ತಾನೆ. ಕಟುವಾಗಿ ಹೇಳಿದರೆ ಮುಂದಿನ ಸಲ ಕರೆ ಬರುವುದಿಲ್ಲ. ಇದು ನಮ್ಮಲ್ಲಿ ಮಾತ್ರ ಇರುವ ಸಮಸ್ಯೆಯೇನೂ ಅಲ್ಲ. ಫಾರ್ಮುಲಾ ಒನ್ ಸಂಸ್ಥೆಯೇ 2018ರಲ್ಲಿ 'ಬಿಯಾಂಡ್ ದ ಗ್ರಿಡ್' ಎಂಬ ಪಾಡ್‌ಕಾಸ್ಟ್ ಆರಂಭಿಸಿತು. ಟಾಮ್ ಕ್ಲಾರ್ಕ್‌ಸನ್ ನಡೆಸುವ ಅದರ ದೀರ್ಘ ಸಂದರ್ಶನಗಳು ಚೆನ್ನಾಗಿವೆ, ಚಾಲಕರು ಬಾಲ್ಯದಿಂದ ಬಿಚ್ಚಿಕೊಳ್ಳುತ್ತಾರೆ. ಆದರೆ ಆಟದ ಒಡೆಯನೇ ಮೈಕಿನ ಒಡೆಯನಾದಾಗ, ಒಡೆಯನ ಬಗ್ಗೆ ಕೇಳಬೇಕಾದ ಪ್ರಶ್ನೆಗಳಿಗೆ ಬೇರೆ ಜಾಗ ಬೇಕಾಗುತ್ತದೆ. ಕೇಳುಗನಿಗೆ ಇದು ತಿಳಿದಿರಬೇಕು. ಯಾರ ದುಡ್ಡಿನಿಂದ ಈ ಮಾತು ಎಂದು ಆರಂಭದಲ್ಲೇ ಹೇಳುವ ಕಾರ್ಯಕ್ರಮವನ್ನು ನಾವು ಅರ್ಧ ನಂಬುತ್ತೇವೆ. ಹೇಳದವರನ್ನು ನಂಬಲು ಕಾರಣವೇ ಇಲ್ಲ.

ಮೌನದ ಇನ್ನೊಂದು ಜಾಗ ಸಾವು. 2023ರ ಜನವರಿಯಲ್ಲಿ ಚೆನ್ನೈನ ಟ್ರ್ಯಾಕಿನಲ್ಲಿ ಹಿರಿಯ ರೇಸರ್ ಕೆ.ಇ. ಕುಮಾರ್ ಸತ್ತರು. ಅದೇ ವರ್ಷ ಆಗಸ್ಟಿನಲ್ಲಿ ಅದೇ ಟ್ರ್ಯಾಕಿನಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಬಾಲಕನೊಬ್ಬ ಮೋಟಾರ್ ಸೈಕಲ್ ರೇಸಿನಲ್ಲಿ ಬಿದ್ದು ಪ್ರಾಣ ಕಳೆದುಕೊಂಡ. ಅವನನ್ನು 'ಅಮರ ಪ್ರತಿಭೆ' ಎಂದು ಎರಡು ನಿಮಿಷ ಹೊಗಳಿ, ಮುಂದಿನ ವಾರ ಅಂಕಪಟ್ಟಿಗೆ ಹೋಗುವುದು ಸುಲಭ. ಹದಿಮೂರರ ಮಗುವಿಗೆ ಯಾವ ವೇಗದ ಯಂತ್ರ ಕೊಡಬಹುದು, ಬಿದ್ದವನ ಹಿಂದೆಯೇ ಬರುವ ಗಾಡಿಗಳಿಂದ ಅವನನ್ನು ಹೇಗೆ ಕಾಯಬಹುದು, ವಯಸ್ಸಿನ ಮಿತಿಯನ್ನು ಯಾರು ನಿರ್ಧರಿಸಬೇಕು ಎಂದು ತಿಂಗಳುಗಟ್ಟಲೆ ಬೆನ್ನು ಹತ್ತುವುದು ಕಷ್ಟ. ರೇಸನ್ನು ಪ್ರೀತಿಸುವವನೇ ಈ ಪ್ರಶ್ನೆ ಕೇಳಬೇಕು, ದ್ವೇಷಿಸುವವನು ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ರಸ್ತೆಯೂ ವಾಹನದ ಭಾಗವೇ. ಬೆಳಗಾವಿಯಿಂದ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ ದಾಟಿ ಚೋರ್ಲಾ ಘಟ್ಟ ಇಳಿಯುವ ದಾರಿಯನ್ನು ಎಷ್ಟೋ ಪ್ರವಾಸಿ ಬೈಕ್ ಸವಾರರು ಮಂಜು, ಹಸಿರು, ಜಲಪಾತ ಎಂದು ವರ್ಣಿಸುತ್ತಾರೆ. ಅದೇ ದಾರಿಯಲ್ಲಿ ಮಳೆಗಾಲದಲ್ಲಿ ದಿನವೂ ಲಾರಿ ಇಳಿಸುವವನನ್ನು ಬ್ರೇಕಿನ ಬಗ್ಗೆ ಕೇಳಿದವರು ಕಡಿಮೆ. ಸುಗ್ಗಿಯಲ್ಲಿ ಹಿಂಬದಿಯ ಕೆಂಪು ಪಟ್ಟಿಯೂ ಇಲ್ಲದೆ ಕಬ್ಬು ಹೇರಿಕೊಂಡು ಕತ್ತಲಲ್ಲಿ ನಿಂತ ಟ್ರ್ಯಾಕ್ಟರ್ ಟ್ರೇಲರುಗಳ ಬಗ್ಗೆ ಒಂದು ಸಂಚಿಕೆಯನ್ನೂ ನಾವು ಕೇಳಿಲ್ಲ. ಖಾನಾಪುರ ತಾಲ್ಲೂಕಿನ ಕಾಡೊಳಗಿನ ಆಮಗಾಂವದಿಂದ 2024ರ ಜುಲೈನಲ್ಲಿ ಕಾಯಿಲೆಯ ಮಹಿಳೆಯೊಬ್ಬರನ್ನು ಊರವರು ಹೆಗಲ ಮೇಲೆ ಕಿಲೋಮೀಟರುಗಟ್ಟಲೆ ಹೊತ್ತು ತಂದರು. ಆಂಬುಲೆನ್ಸ್ ಊರು ಮುಟ್ಟುವಂತಿರಲಿಲ್ಲ. ಗಾಡಿ ಹೋಗದ ಜಾಗದ ಕಥೆಯೂ ಗಾಡಿಯ ಕಥೆಯೇ ಎಂದು ತಿಳಿದವನು ನಮ್ಮ ಸೀಮೆಗೆ ಬೇಕಾದ ಪಾಡ್‌ಕಾಸ್ಟ್ ಮಾಡಬಲ್ಲ. ಆ ಕಾಡಂಚಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದೂ ಅಪರೂಪ. ಊರಲ್ಲಿ ಇಳಿಸಿಕೊಂಡು ಕಾಡಲ್ಲಿ ಕೇಳಬಹುದಾದದ್ದು ಪಾಡ್‌ಕಾಸ್ಟ್ ಒಂದೇ ಎಂಬುದನ್ನೂ ನೆನಪಿಡಬೇಕು.

ಕಳೆದುಹೋಗುವ ಮೊದಲು

ಇಷ್ಟೆಲ್ಲ ಈಗಲೇ ಏಕೆ ಹೇಳಬೇಕು? 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಜಿನ್ನುಗಳು ಬಂದಿವೆ. ಎಂಜಿನ್ನಿನ ಒಳಗೆ ಸೆನ್ಸರುಗಳು, ಅವುಗಳ ಮೇಲೊಂದು ಕಂಪ್ಯೂಟರು. ದೋಷ ಬಂದರೆ ಸ್ಕ್ಯಾನರ್ ಜೋಡಿಸಿ ಕೋಡು ಓದಬೇಕು. ಆ ಸ್ಕ್ಯಾನರೂ ಅದರ ಮಾಹಿತಿಯೂ ಕಂಪನಿಯ ಸರ್ವಿಸ್ ಸೆಂಟರಿಗೆ ಸುಲಭ, ರಸ್ತೆ ಬದಿಯ ಮಿಸ್ತ್ರಿಗೆ ದುಬಾರಿ. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿ ರಚಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಈ ಸುದ್ದಿ ನಮ್ಮ ಎಷ್ಟು ಗ್ಯಾರೇಜುಗಳಿಗೆ ಮುಟ್ಟಿದೆ? ಮುಟ್ಟಿಸಬೇಕಾದವರು ಯಾರು? ಇನ್ನು ವಿದ್ಯುತ್ ವಾಹನಗಳು. ಅವು ಎಷ್ಟು ಮೌನವೆಂದರೆ, ನಿಧಾನ ಚಲಿಸುವಾಗ ಪಾದಚಾರಿಗಳಿಗೆ ಕೇಳಿಸಲೆಂದೇ ಕೃತಕ ಸದ್ದು ಹಾಕಬೇಕೆಂದು ಯುರೋಪಿನಲ್ಲಿ 2019ರಲ್ಲಿ ನಿಯಮ ಜಾರಿಗೆ ಬಂತು. ಟ್ಯಾಪಿಟ್ಟೂ ಇಲ್ಲ, ಪಿಸ್ಟನ್ನೂ ಇಲ್ಲ.

ಹೊಗೆ ಕಡಿಮೆಯಾಗುವುದು ಒಳ್ಳೆಯದೇ. ಫೌಂಡ್ರಿ, ಗ್ಯಾರೇಜುಗಳ ಹೊಗೆಯನ್ನು ಉಸಿರಾಡಿದವರು ಅದಕ್ಕಾಗಿ ಅಳಬೇಕಿಲ್ಲ. ವಿದ್ಯುತ್ ಮೋಟಾರಿಗೂ ಬೇರಿಂಗ್ ಇದೆ, ಅದಕ್ಕೂ ಒಂದು ಸಣ್ಣ ರಾಗವಿದೆ, ಹೊಸ ಕಿವಿ ಅದನ್ನೂ ಕಲಿತೀತು. ಆದರೆ ಐವತ್ತು ವರ್ಷ ಉಸ್ತಾದನಿಂದ ಶಾಗಿರ್ದನಿಗೆ ಬಾಯಿಯಿಂದ ಕಿವಿಗೆ ಇಳಿದು ಬಂದ ವಿದ್ಯೆ ಎಲ್ಲೂ ಬರೆದಿಟ್ಟಿಲ್ಲ. ಬರೆದರೂ ಪ್ರಯೋಜನವಿಲ್ಲ, ಏಕೆಂದರೆ ಅದು ಸದ್ದು. ಅದನ್ನು ಹಿಡಿದಿಡಬಲ್ಲ ಸಾಧನ ಇಂದು ಪ್ರತಿ ಹುಡುಗನ ಜೇಬಿನಲ್ಲಿದೆ, ಅದರಲ್ಲಿ ಅವನು ಹೊಸ ಕಾರಿನ ಬಣ್ಣಗಳ ಪಟ್ಟಿ ಕೇಳುತ್ತಿದ್ದಾನೆ.

ಹಾಗಾಗಿ ಬೆಳಗಾವಿಯ ಯಾರಾದರೂ ಹುಡುಗ-ಹುಡುಗಿಯರು ವಾಹನದ ಪಾಡ್‌ಕಾಸ್ಟ್ ಮಾಡಹೊರಟರೆ ನಮ್ಮದು ಚಿಕ್ಕ ಬಿನ್ನಹ. ಹಿನ್ನೆಲೆ ಸಂಗೀತ ಬೇಡ, ಎಂಜಿನ್ನಿನ ಸದ್ದು ಒಂದು ನಿಮಿಷ ಪೂರ್ತಿ ಕೇಳಿಸಲಿ. ಮಾತನಾಡುವವರ ಹೆಸರು ಸ್ಪಷ್ಟವಾಗಿ ಹೇಳಿರಿ. ಕಂಪನಿಯ ಕಾರು ಬಿಟ್ಟು ಒಂದು ಲಕ್ಷ ಕಿಲೋಮೀಟರ್ ಓಡಿದ ಟ್ಯಾಕ್ಸಿಯಿಂದ ಆರಂಭಿಸಿರಿ. ಹೇಳಿದ್ದು ತಪ್ಪಾದರೆ ಮುಂದಿನ ಸಂಚಿಕೆಯಲ್ಲಿ ಹೇಳಿರಿ. ಪಿ.ಬಿ. ರಸ್ತೆಯ ಆ ಮಿಸ್ತ್ರಿಯನ್ನು ನಾವು ಹೊರಡುವಾಗ, ಈ ಕಿವಿಯ ವಿದ್ಯೆ ಯಾರಿಗೆ ಕಲಿಸಿದ್ದೀರಿ ಎಂದು ಕೇಳಿದೆವು. ಮಗ ದುಬೈನಲ್ಲಿದ್ದಾನೆ, ಶಾಗಿರ್ದ ಸ್ಕ್ಯಾನರ್ ಕಲಿಯಲು ಹುಬ್ಬಳ್ಳಿಗೆ ಹೋಗಿದ್ದಾನೆ ಎಂದರು. 'ಕಲೀಲಿ, ಅದೂ ಬೇಕು' ಎಂದು ಸೇರಿಸಿ, ಮುಂದಿನ ಗಾಡಿಯ ಬಾನೆಟ್ ಎತ್ತಿದರು. ಆಗ ನಮ್ಮ ಫೋನು ನಮ್ಮ ಜೇಬಿನಲ್ಲೇ ಇತ್ತು. ರೆಕಾರ್ಡ್ ಮಾಡಬೇಕೆಂದು ನಮಗೂ ಹೊಳೆದದ್ದು ಖಾನಾಪುರ ಮುಟ್ಟಿದ ಮೇಲೆ.